ಗೊಬ್ಬರದ ಯೂರಿಯಾ ಗೊಬ್ಬರಕ್ಕೇ ಇರಲಿ

2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಜಾರಿಗೆ ಬಂದ ಮೇಲೆ ನಮ್ಮ ಬೆಳೆಗಾರರು ಕೊಂಡ ಡೀಸೆಲ್ ಪಿಕಪ್, ವ್ಯಾನುಗಳಲ್ಲಿ ಹಲವಕ್ಕೆ ಡಿ.ಇ.ಎಫ್. ಎಂಬ ದ್ರವವನ್ನೂ ತುಂಬಿಸಬೇಕಾಗಿದೆ. ಇದರಲ್ಲಿ ಶೇ. 32.5 ಶುದ್ಧ ಯೂರಿಯಾ. ಉಳಿದದ್ದು ಲವಣ ತೆಗೆದ ನೀರು. ಸೈಲೆನ್ಸರ್ ಕೊಳವೆಯೊಳಗೆ ಸಿಂಪರಣೆಯಾಗಿ ಹೊಗೆಯ ವಿಷಾಂಶ ತಗ್ಗಿಸುವುದೇ ಇದರ ಕೆಲಸ.

ಯೂರಿಯಾ ಎಂದೊಡನೆ ಕೊಟ್ಟಿಗೆಯಲ್ಲಿರುವ ಗೊಬ್ಬರದ ಚೀಲ ನೆನಪಾಗುವುದು ಸಹಜ. ಅದನ್ನು ಬಾವಿ ನೀರಿನಲ್ಲಿ ಕರಗಿಸಿ ಹಾಕುವ ಉಳಿತಾಯ ಸಲ್ಲದೆಂಬುದೇ ನಮ್ಮ ಖಚಿತ ಅಭಿಪ್ರಾಯ. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿದೆ; ಬಾವಿ ನೀರಿನಲ್ಲಿ ಲವಣಗಳಿವೆ. ಸೋಸದ ಬೋರ್ಡೋ ದ್ರಾವಣದಿಂದ ನಾಜಲ್ ಕಟ್ಟಿಕೊಳ್ಳುವಂತೆ ಇಲ್ಲಿಯೂ ಕಟ್ಟಿಕೊಳ್ಳುತ್ತದೆ. ದುಬಾರಿ ಬಿಡಿಭಾಗಗಳು ಕೆಡುತ್ತವೆ. ಮೇಲಾಗಿ, ಸಬ್ಸಿಡಿ ಗೊಬ್ಬರವನ್ನು ಅನ್ಯ ಕಾರ್ಯಕ್ಕೆ ಬಳಸುವುದು ಕಾನೂನುಬಾಹಿರ.

ಎಚ್ಚರಿಕೆಯ ದೀಪ ಹೊತ್ತಿದ ಮೇಲೆ "ಇನ್ನೊಂದು ಟ್ರಿಪ್ ಆಗಲಿ" ಎನ್ನುವುದೂ ತರವಲ್ಲ. ದ್ರವ ಪೂರ್ತಿ ಮುಗಿದರೆ ಅನೇಕ ವಾಹನಗಳ ಎಂಜಿನ್ ಶಕ್ತಿ ಕುಗ್ಗುತ್ತದೆ. ಕೆಲವು ಒಮ್ಮೆ ನಿಂತರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅಡಿಕೆ ಮೂಟೆ ಹೇರಿಕೊಂಡು ಘಾಟಿಯಲ್ಲಿ ನಿಂತರೆ ಗತಿಯೇನು? ತುಂಬಿಸಿದರೂ ದೀಪ ಆರದಿದ್ದರೆ ಸೆನ್ಸರ್ ಅಥವಾ ಪಂಪಿನ ದೋಷವಿರಬಹುದು. ತಂತಿ ಕೀಳಿಸದೆ, ಬಲ್ಲವರಿಗೆ ತೋರಿಸಿ. ಡೀಸೆಲ್ ಟ್ಯಾಂಕಿಗೆ ತಪ್ಪಿ ಸುರಿದಿದ್ದರೆ ಎಂಜಿನ್ ಚಾಲೂ ಮಾಡಲೇಬೇಡಿ.

ಸಣ್ಣ ಬೆಳೆಗಾರರು ಒಂದೊಂದು ಕ್ಯಾನಿಗಾಗಿ ಪೇಟೆಗೆ ಅಲೆಯಬೇಕಾಗಿಲ್ಲ. ಐ.ಎಸ್.ಒ. 22241 ಗುರುತಿನ, ಸೀಲು ಒಡೆಯದ ಕ್ಯಾನುಗಳನ್ನು ಸಹಕಾರ ಸಂಘಗಳೇ ಒಟ್ಟಾಗಿ ತರಿಸಿ, ತಂಪಾದ ನೆರಳಿನಲ್ಲಿಟ್ಟು ವಿತರಿಸಲೆಂದು ನಾವು ಒತ್ತಾಯಿಸುತ್ತೇವೆ. ವರ್ಷವೂ ಮೈಲುತುತ್ತ ಒದಗಿಸುವ ಸಂಘಗಳಿಗೆ ಇದೊಂದು ಭಾರವಾಗದು.