ಆಸ್ಪತ್ರೆ ಸಾಲಕ್ಕೆ ಮನ್ನಾ ಇಲ್ಲ



ನಿಮ್ಮ ಮನೆಯ ಸಾಲವನ್ನು ಒಮ್ಮೆ ಚೀಟಿಯ ಮೇಲೆ ಬರೆದು ನೋಡಿ. ಸೊಸೈಟಿಗೆ ಇಷ್ಟು, ಬ್ಯಾಂಕಿಗೆ ಇಷ್ಟು, ಗೊಬ್ಬರದ ಅಂಗಡಿಗೆ ಇಷ್ಟು. ಅದರ ಕೆಳಗೆ ಇನ್ನೊಂದು ಬಾಬ್ತು ಇರುತ್ತದೆ. ಅದನ್ನು ನಾವು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಅಪ್ಪನ ಆಪರೇಷನ್ನಿಗೆ ತಂದ ಕೈಸಾಲ, ಸೊಸೆಯ ಹೆರಿಗೆಗೆ ಅಡವಿಟ್ಟ ಒಡವೆ, ಹಾವು ಕಚ್ಚಿದ ಮಗನಿಗಾಗಿ ಮಾರಿದ ಜೋಡೆತ್ತು. ಇದು ಆಸ್ಪತ್ರೆ ಸಾಲ. ಬೆಳೆ ಹೋದರೆ ಮುಂದಿನ ಮಳೆಗೆ ಕಾಯಬಹುದು. ಈ ಸಾಲ ಕಾಯೋದಿಲ್ಲ. ಬಡ್ಡಿ ಬೆಳೆದು ಕೊನೆಗೆ ಹೊಲಕ್ಕೇ ಬಂದು ಕೂರುತ್ತದೆ.

ಸರ್ಕಾರದ ಲೆಕ್ಕದಲ್ಲಿ ಇದು ರೈತನ ಸಾಲವೇ ಅಲ್ಲ. 2017ರಲ್ಲಿ ಸಹಕಾರ ಸಂಘಗಳ ಸಾಲ 50,000 ರೂಪಾಯಿವರೆಗೆ ಮನ್ನಾ ಎಂದರು. 2018ರಲ್ಲಿ ಸಹಕಾರ ಸಂಘಗಳಲ್ಲಿ 1 ಲಕ್ಷ, ವಾಣಿಜ್ಯ ಬ್ಯಾಂಕುಗಳಲ್ಲಿ 2 ಲಕ್ಷದವರೆಗೆ ಎಂದರು. ಎರಡೂ ಬೆಳೆಸಾಲಕ್ಕೆ ಮಾತ್ರ. ಬೆಂಬಲ ಬೆಲೆ ಕಟ್ಟುವಾಗ ಬೀಜ, ಗೊಬ್ಬರ, ಎತ್ತಿನ ದುಡಿಮೆ, ಮನೆಮಂದಿಯ ದುಡಿಮೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಆ ದುಡಿಯುವ ಮೈ ಕೆಟ್ಟರೆ ಆಗುವ ಖರ್ಚು ಬರೋದಿಲ್ಲ.

ಕಾಯಿಲೆ ಬಂದರೆ ಸರ್ಕಾರ ಏನು ಮಾಡೀತು ಅಂತ ನೀವು ಕೇಳಬಹುದು. ಕಾಯಿಲೆ ಯಾರ ಕೈಯಲ್ಲೂ ಇಲ್ಲ, ನಿಜ. ಆದರೆ ಅದರ ಖರ್ಚು ಕಾನೂನಿನ ಕೈಯಲ್ಲಿದೆ. ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳು ರಾಜ್ಯಪಟ್ಟಿಯಲ್ಲಿವೆ. ವಿಧಾನಸೌಧದವರು ದಿಲ್ಲಿ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಅವರು ಮಾಡಿದ್ದೇನು? 2017ರಲ್ಲಿ ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ಗೊತ್ತುಮಾಡುವ ತಿದ್ದುಪಡಿ ತಂದರು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಪಾಸಾಗುವಷ್ಟರಲ್ಲಿ ಅದರ ಹಲ್ಲು ಕಿತ್ತಿದ್ದರು. ಸರ್ಕಾರಿ ಯೋಜನೆಯ ರೋಗಿಗಳಿಗೆ ಮಾತ್ರ ಸರ್ಕಾರದ ದರ. ಸ್ವಂತ ದುಡ್ಡು ಕೊಡುವವನಿಗೆ ಆಸ್ಪತ್ರೆ ಹೇಳಿದ್ದೇ ದರ. ನಮ್ಮ ಮಾಲಿಗೆ ದರ ಕಟ್ಟುವವರು ಬೇರೆಯವರು, ನಾವು ಕೊಳ್ಳುವುದಕ್ಕೆ ದರ ಕಟ್ಟುವವರೂ ಬೇರೆಯವರೇ!

ಸಹಕಾರ ಸಂಘದ ಸದಸ್ಯರಿಗೆಂದು 2003ರಲ್ಲಿ ಯಶಸ್ವಿನಿ ಶುರುವಾಯಿತು. ವರ್ಷಕ್ಕೆ 60 ರೂಪಾಯಿ ಕಟ್ಟಿದ ರೈತನಿಗೂ ಆಪರೇಷನ್ ಆಗುತ್ತಿತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿ ನಿಲ್ಲಿಸಿದರು. ಮತ್ತೆ ಚಿಕಿತ್ಸೆ ಸಿಕ್ಕಿದ್ದು 2023ರ ಜನವರಿಯಲ್ಲಿ. ನಡುವೆ ಕೊರೊನಾ ಬಂದು ಹೋಯಿತು! ಆ ನಾಲ್ಕೂವರೆ ವರ್ಷದಲ್ಲಿ ನಿಮ್ಮ ಊರಲ್ಲಿ ಎಷ್ಟು ಎಕರೆ ಕೈಬಿಟ್ಟಿತು, ನೀವೇ ಎಣಿಸಿ.

ಆರೋಗ್ಯ ಕರ್ನಾಟಕ ಇದೆಯಲ್ಲ ಎನ್ನುತ್ತಾರೆ. ಬಿ.ಪಿ.ಎಲ್. ಕಾರ್ಡಿದ್ದರೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಇದ್ದವನಿಗೆ ಆ ಕಾರ್ಡು ಇಲ್ಲ. ಮಳೆ ನಂಬಿದ ಎಂಟು ಎಕರೆಯವನು ಕಾಗದದ ಮೇಲೆ ಸಾಹುಕಾರ. ಅವನಿಗೆ ಸರ್ಕಾರ ಕೊಡುವುದು ನಿಗದಿ ದರದ ಶೇ. 30 ಮಾತ್ರ. ಮಿಕ್ಕ 70ಕ್ಕೆ ಅವನು ಎಲ್ಲಿಗೆ ಹೋಗಬೇಕು? ಬಡ್ಡಿಯವನ ಮನೆ ಬಾಗಿಲಿಗೆ.

ಸರ್ಕಾರಿ ಆಸ್ಪತ್ರೆ ನೆಟ್ಟಗಿದ್ದರೆ ಈ ಕಾರ್ಡುಗಳ ಗೋಜೇ ಬೇಕಿರಲಿಲ್ಲ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ನಿಯಮ. ಕಟ್ಟಡ ಇದ್ದರೆ ಸಾಲದು. ರಾತ್ರಿ ಹೊತ್ತು ಡಾಕ್ಟರೂ, ಹಾವಿನ ವಿಷಕ್ಕೆ ಇಂಜೆಕ್ಷನ್ನೂ ಅಲ್ಲಿರಬೇಕು. ರಾಜ್ಯಗಳು 2020ರ ಹೊತ್ತಿಗೆ ಬಜೆಟ್ಟಿನ ಶೇ. 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಇಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು. ಕರ್ನಾಟಕ ಆ ಗುರಿ ಮುಟ್ಟಲಿಲ್ಲ. ಅವರು ಬಜೆಟ್ಟಿನಲ್ಲಿ ಉಳಿಸಿದ ದುಡ್ಡು ನಮ್ಮ ತಲೆಯ ಮೇಲೆ ಸಾಲವಾಗಿ ಕೂತಿದೆ.

ಹಾಗಾದರೆ ಮಾಡೋದೇನು? ಮೊದಲು ನಾಚಿಕೆ ಬಿಡಿ. ಮುಂದಿನ ಗ್ರಾಮಸಭೆಯಲ್ಲಿ ಆಸ್ಪತ್ರೆ ಸಾಲವನ್ನೂ ಬೆಳೆಸಾಲದ ಜೊತೆಗೇ ಹೇಳಿ, ನಡಾವಳಿಯಲ್ಲಿ ಬರೆಸಿ. ನಿಮ್ಮ ಆರೋಗ್ಯ ಕೇಂದ್ರದಲ್ಲಿ ಖಾಲಿ ಇರುವ ಹುದ್ದೆಗಳ ಪಟ್ಟಿ ಕೇಳಿ. ಕಾನೂನಿನಲ್ಲಿ ಉಳಿದಿರುವುದನ್ನಾದರೂ ಬಳಸಿ. ಖಾಸಗಿ ಆಸ್ಪತ್ರೆ ತನ್ನ ದರಪಟ್ಟಿ ಹಾಕಲೇಬೇಕು. ಜೀವಕ್ಕೆ ಅಪಾಯ ಇರುವಾಗ ಮುಂಗಡ ಕೇಳುವ ಹಾಗಿಲ್ಲ. ಬಾಕಿ ಇದೆಯೆಂದು ಹೆಣ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಹಾಗೇನಾದರೂ ಆದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಓಟು ಕೇಳಲು ಬಂದ ಶಾಸಕರಿಗೆ ಒಂದೇ ಮಾತು ಕೇಳಿ: 2017ರಲ್ಲಿ ಕಿತ್ತ ಹಲ್ಲನ್ನು ಯಾವಾಗ ಕಟ್ಟಿಸುತ್ತೀರಿ?

1980ರಲ್ಲಿ ನರಗುಂದ, ನವಲಗುಂದದ ರೈತರು ಹೊಲಕ್ಕೆ ಬಾರದ ನೀರಿಗೆ ಕರ ಯಾಕೆ ಕೊಡಬೇಕು ಎಂದು ಎದ್ದು ನಿಂತರು. ಇವತ್ತು ಡೀಸೆಲ್ಲಿನಿಂದ ಪಂಪ್‌ಸೆಟ್ಟಿನವರೆಗೆ ನಾವು ತೆರಿಗೆ ಕಟ್ಟುತ್ತಿದ್ದೇವೆ. ಆ ದುಡ್ಡಿನ ಡಾಕ್ಟರು ನಮ್ಮೂರಲ್ಲಿ ಯಾಕಿಲ್ಲ ಎಂದು ಕೇಳುವ ಹಕ್ಕು ನಮಗಿದೆ. ಕೇಳೋಣ.