ಕಿಲ್ಟಿನ ಪಿನ್ನು ಮತ್ತು ನನ್ನ ಅತಿಜಾಗ್ರತೆ

ಮೂವತ್ತೆರಡು ವರ್ಷ ಮಕ್ಕಳ ತಪ್ಪುಗಳನ್ನು ಕೆಂಪುಶಾಯಿಯಿಂದ ತಿದ್ದಿದವಳು ನಾನು. ಈಗ ನನ್ನದೇ ಒಂದು ತಪ್ಪನ್ನು ಓದುಗರ ಮುಂದಿಡುತ್ತಿದ್ದೇನೆ.

ಎಡಿನ್‌ಬರೋದಲ್ಲಿ ಮಗಳ ಮದುವೆ. ಅಳಿಯ ಸ್ಕಾಟ್ಲೆಂಡಿನವನು, ಅಂದು ಉಣ್ಣೆಯ ಕಿಲ್ಟ್ ಉಟ್ಟಿದ್ದ. ಒಂದು ಕಿಲ್ಟಿಗೆ 8 ಗಜ ಬಟ್ಟೆ ಹಿಡಿಯುವುದುಂಟು, ನಮ್ಮ ಸೀರೆಗೆ ದೂರದ ನೆಂಟನೇ ಸರಿ! ನೆರಿಗೆಗಳೆಲ್ಲ ಹಿಂದೆ, ಮುಂದೆ ನೆರಿಗೆಯಿಲ್ಲದ ಎರಡು ಪದರಗಳು ಒಂದರ ಮೇಲೊಂದು ಕೂರುತ್ತವೆ. ಹೊರಪದರದ ಬಲಗಡೆಯ ಕೆಳಮೂಲೆಯಲ್ಲಿ ಅವನ ಅಜ್ಜನ ಕಾಲದ ಬೆಳ್ಳಿಯ ಪಿನ್ನು, ಕತ್ತಿಯ ಆಕಾರದ್ದು, ಹೊಳೆಯುತ್ತಿತ್ತು. ಅದನ್ನು ಹೊರಪದರಕ್ಕೆ ಮಾತ್ರ ಚುಚ್ಚಿದ್ದನ್ನು ಕಂಡು ನನಗೆ ಆತಂಕವಾಯಿತು. ಆ ಊರಿನ ಗಾಳಿಯೋ ಗಾಳಿ! ಸೆರಗನ್ನು ಕುಪ್ಪಸಕ್ಕೆ ಸೇರಿಸಿ ಪಿನ್ನು ಹಾಕಿ ಪಳಗಿದ ಕೈ. ಒಳಪದರವನ್ನೂ ಸೇರಿಸಿ ಬಿಗಿಯಾಗಿ ಚುಚ್ಚಿಬಿಟ್ಟೆ. ಅತ್ತೆಯ ಮಾತು ಮೀರಬಾರದೆಂದು ಅವನೂ ಸುಮ್ಮನಿದ್ದ.

ಸಂಜೆಯ ಕುಣಿತದಲ್ಲಿ ಅವನು ದೊಡ್ಡ ಹೆಜ್ಜೆಯಿಟ್ಟನಷ್ಟೆ. ಬಟ್ಟೆ ಹರಿಯಿತು, ಪಿನ್ನು ಮಾಯವಾಯಿತು. ಅರ್ಧ ತಾಸು ನೆಂಟರೆಲ್ಲ ನೆಲ ನೋಡುತ್ತಾ ನಡೆದರು. ಕೊನೆಗೆ ಕುರ್ಚಿಯೊಂದರ ಕೆಳಗೆ ಒಬ್ಬ ಪುಟ್ಟ ಹುಡುಗನಿಗೆ ಸಿಕ್ಕಿತು.

ಅಂದಿನಿಂದ ನನ್ನ ಖಚಿತ ಅಭಿಪ್ರಾಯವಿದು: ಉಡುಪನ್ನು ಹಿಡಿದಿಡುವ ಹೊಣೆಯನ್ನು ಅಲಂಕಾರದ ಪಿನ್ನಿಗೆ ಹೊರಿಸಬಾರದು. ಆ ಕೆಲಸ ಸೊಂಟದ ಪಟ್ಟಿ, ಬಕಲ್‌ಗಳದು. ಎರಡು ಪದರ ಸೇರಿಸಿದರೆ ನಡೆಯುವಾಗ ಅವು ಬೇರೆಬೇರೆಯಾಗಿ ಸರಿಯಲಾರವು. ಸೆಳೆತವೆಲ್ಲ ಪಿನ್ನಿನ ಮೇಲೆಯೇ ಬೀಳುತ್ತದೆ. ಗಾಳಿಯಲ್ಲಿ ನಿಂತಿದ್ದ ಸೈನಿಕನ ಕಿಲ್ಟಿಗೆ ವಿಕ್ಟೋರಿಯಾ ರಾಣಿಯೇ ಪಿನ್ನು ಚುಚ್ಚಿದಳೆಂಬ ಕಥೆಯನ್ನು ಅಲ್ಲಿ ಹೇಳುತ್ತಾರೆ. ಕಥೆ ಸೊಗಸಾಗಿದೆ, ಇತಿಹಾಸವೆಂದು ನಾನು ನಂಬಲಾರೆ.

ಹಾಗಾದರೆ ಪಿನ್ನು ಬೀಳದಂತೆ ಏನು ಮಾಡಬೇಕು? ಹೊರಪದರದಲ್ಲೇ ಸಾಕಷ್ಟು ಅಗಲದ ಬಟ್ಟೆಯನ್ನು ಸೂಜಿಗೆ ಕೊಡಬೇಕು. ಒಂದೆರಡು ಎಳೆ ಹಿಡಿದರೆ ಸಾಲದು. ನೇಯ್ಗೆ ಸಡಿಲವಾಗಿದ್ದರೆ ಹಿಂಬದಿಗೆ ದಪ್ಪ ಉಣ್ಣೆಬಟ್ಟೆಯ ತುಂಡೊಂದನ್ನಿಟ್ಟು ಸೂಜಿಯನ್ನು ಅದರ ಮೂಲಕವೂ ಹಾಯಿಸಬಹುದು. ಬೆಲೆಬಾಳುವ ಪಿನ್ನಾದರೆ, ಅದರ ಕಡ್ಡಿಯನ್ನು ಒಳಗಿನಿಂದ ಒಂದು ಸಣ್ಣ ಸೇಫ್ಟಿಪಿನ್ನು ಬಳಸಿ ಅದೇ ಹೊರಪದರಕ್ಕೆ ಸಿಕ್ಕಿಸಿಡುವುದು ಕ್ಷೇಮ. 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಹಕ್ಕುಪತ್ರ ಪಡೆದ ಆ ಪುಟ್ಟ ಸಾಧನಕ್ಕೆ ಇದೇನು ಹೊಸ ಕೆಲಸವಲ್ಲ. ಕೊಂಡಿ ಸಡಿಲವಾಗಿದ್ದರೆ ಮಾತ್ರ ಇಕ್ಕಳ ಹಿಡಿದು ಮನೆಯಲ್ಲೇ ಬಗ್ಗಿಸಲು ಹೋಗಬಾರದು. ಮತ್ತೆಮತ್ತೆ ಬಗ್ಗಿಸಿದ ಲೋಹ ಮುರಿಯುತ್ತದೆ. ಅಕ್ಕಸಾಲಿಗನ ಕೈಗೆ ಕೊಡುವುದೇ ಲೇಸು.

ಹರಿದ ಜಾಗವನ್ನು ನಾನೇ ಹೊಲಿದುಕೊಟ್ಟೆ. ಎಳೆಗಳು ಸರಿಯಾಗಿ ಕೂಡಲಿಲ್ಲ. ಅಳಿಯ ಈಗ ಪಿನ್ನನ್ನು ಆ ಹೊಲಿಗೆಯ ಗುರುತು ಮುಚ್ಚುವಂತೆ ತುಸು ಮೇಲಕ್ಕೆ ಚುಚ್ಚಿಕೊಳ್ಳುತ್ತಾನೆ.