ಗೊಣಗಿದರೆ ಕರೆಂಟ್ ಬರುವುದಿಲ್ಲ, ದೂರು ಬರೆಸಿ!

ಕರೆಂಟ್ ಹೋದ ತಕ್ಷಣ ನಾವು ಮಾಡುವ ಕೆಲಸ ಮೂರು. ಬಾಗಿಲಿಗೆ ಬಂದು ಎದುರು ಮನೆಯಲ್ಲಿ ದೀಪ ಇದೆಯಾ ಎಂದು ಇಣುಕುವುದು. ಅಲ್ಲೂ ಕತ್ತಲಿದ್ದರೆ ಸಮಾಧಾನ ಪಟ್ಟುಕೊಳ್ಳುವುದು. ಆಮೇಲೆ ಸರ್ಕಾರಕ್ಕೆ ಎರಡು ಬೈಗುಳ ಬೈದು ಮಲಗುವುದು! ಫೋನ್ ಮಾಡುವವನು ಬೀದಿಗೊಬ್ಬ. 'ಯಾರಾದರೂ ಮಾಡಿರುತ್ತಾರೆ ಬಿಡು' ಎನ್ನುವವರು ಉಳಿದವರೆಲ್ಲ. ಆ ಒಬ್ಬನೂ ಹಾಗೇ ಅಂದುಕೊಂಡ ದಿನ ಇಡೀ ಬೀದಿಗೆ ಬೆಳಗಿನ ತನಕ ಕತ್ತಲೆಯೇ ಗತಿ.

ಇದು ಯಾವ ನಾಡು ಸ್ವಾಮಿ? 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಾಡು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಕೊಟ್ಟ ನಾಡು. ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲೇ ಭದ್ರಾ ಅಣೆಕಟ್ಟಿದೆ, ಅದರ ಕೆಳಗೆ ಕರೆಂಟ್ ತಯಾರಾಗುತ್ತದೆ. ಇಷ್ಟೆಲ್ಲ ಇಟ್ಟುಕೊಂಡು ನಮ್ಮ ಮನೆಯ ದೀಪ ಆರಿದ್ದನ್ನು ಹೇಳಬೇಕಾದ ಜಾಗದಲ್ಲಿ ಹೇಳಲು ನಮಗೆ ಬಾರದೆ?

ನಾನು ಪ್ರೆಸ್ ನಡೆಸುವವನು. ನನ್ನ ಓದು ಪಿಯುಸಿಗೆ ನಿಂತಿತು. ಆದರೆ ಮಷೀನಿನ ಜೊತೆ ಬಾಳುವವನಿಗೆ ಕರೆಂಟಿನ ನಾಡಿ ತಿಳಿಯದೆ ಹೋಗುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದಿಂದ ಬೆಂಗಳೂರು, ಶಿವಮೊಗ್ಗ ಸೇರಿಕೊಂಡಿರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಬೇಕಾಗಿದೆ. ಯಾಕೆಂದರೆ ಊರಿನಲ್ಲಿ ಕತ್ತಲಲ್ಲಿ ಕೂತಿರುವವರು ನಿಮ್ಮ ಅಪ್ಪ ಅಮ್ಮ. ಸ್ಮಾರ್ಟ್ ಫೋನ್ ಇರುವುದು ನಿಮ್ಮ ಕೈಯಲ್ಲಿ.

ಮೊದಲನೇ ಮಾತು: ಆಫೀಸಿಗೆ ಎಲ್ಲ ತಾನಾಗೇ ತಿಳಿಯುತ್ತದೆ ಎಂಬ ಭ್ರಮೆ ಬಿಡಿ. ಸಬ್‌ಸ್ಟೇಷನ್ನಿನಿಂದ ಹೊರಡುವ 11 ಸಾವಿರ ವೋಲ್ಟಿನ ಫೀಡರ್ ಟ್ರಿಪ್ ಆದರೆ ಅಲ್ಲಿದ್ದವರಿಗೆ ಗೊತ್ತಾಗುತ್ತದೆ. ಆದರೆ ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ, ಅದೇ ನಾವು ಟಿಸಿ ಅನ್ನುತ್ತೇವಲ್ಲ ಅದರಲ್ಲಿ, ಫ್ಯೂಸ್ ಹೋದರೆ? ಕಂಬದ ಮೇಲೆ ಜಂಪ್ ಕಡಿದರೆ? ತೆಂಗಿನ ಗರಿ ಬಿದ್ದು ಒಂದು ಫೇಸ್ ಹೋದರೆ? ಸಬ್‌ಸ್ಟೇಷನ್ನಿನ ಲೆಕ್ಕದಲ್ಲಿ ನಿಮಗೆ ಕರೆಂಟ್ ಇದ್ದೇ ಇದೆ! ನೀವು ಹೇಳುವ ತನಕ ನಿಮ್ಮ ಕತ್ತಲೆ ಯಾರ ಪುಸ್ತಕದಲ್ಲೂ ಇಲ್ಲ.

ಹೊರದೇಶಗಳಲ್ಲಿ ಕರೆಂಟ್ ಹೋದ ಜಾಗವನ್ನು ತೋರಿಸುವ ನಕ್ಷೆಗಳಿವೆ. ಟೆಕ್ಸಾಸಿನ ಡಲ್ಲಾಸಿನಲ್ಲಿರುವ ನಮ್ಮವರು ಆಂಕೋರ್ ಎಂಬ ಕಂಪನಿಯ ನಕ್ಷೆ ನೋಡುತ್ತಾರೆ. ಯಾವ ಬಡಾವಣೆಯಲ್ಲಿ ಹೋಗಿದೆ, ಎಷ್ಟು ಮನೆಗೆ ಹೋಗಿದೆ, ಸುಮಾರು ಎಷ್ಟು ಹೊತ್ತಿಗೆ ಬರಬಹುದು, ಎಲ್ಲ ಫೋನಿನಲ್ಲೇ ಕಾಣುತ್ತದೆ. ಒಳ್ಳೆಯದೇ. ಆದರೆ ಅಂಥ ನಕ್ಷೆಯನ್ನು ಓದುವುದಕ್ಕೂ ವಿವೇಕ ಬೇಕು. ನಿಮ್ಮ ಬೀದಿ ನಕ್ಷೆಯಲ್ಲಿ ಇಲ್ಲದಿದ್ದರೆ ಸುದ್ದಿ ಇನ್ನೂ ಮುಟ್ಟಿಲ್ಲ ಎಂದು ತಿಳಿದು ದೂರು ಕೊಡಬೇಕು. ಅಲ್ಲಿ ಬರೆದ ಹೊತ್ತು ಅಂದಾಜು, ಮುಹೂರ್ತವಲ್ಲ. ಇನ್ನೊಂದು ಮಾತನ್ನು ಎದೆಯಲ್ಲಿ ಬರೆದುಕೊಳ್ಳಿ: ನಕ್ಷೆಯಲ್ಲಿ ಕರೆಂಟ್ ಇಲ್ಲ ಎಂದಿದ್ದರೂ ನೆಲದ ಮೇಲಿನ ತಂತಿಯಲ್ಲಿ ಕರೆಂಟ್ ಇರಬಹುದು!

2023ರ ನವೆಂಬರ್ 19 ಮರೆತಿದ್ದೀರಾ? ಬೆಂಗಳೂರಿನ ಕಾಡುಗೋಡಿ ಹತ್ತಿರ ಹೋಪ್ ಫಾರ್ಮ್ ಸರ್ಕಲ್ಲಿನಲ್ಲಿ ಬೆಳಗಿನ ಜಾವ ಫುಟ್‌ಪಾತಿನ ಮೇಲೆ ಕರೆಂಟ್ ತಂತಿ ಕಡಿದು ಬಿದ್ದಿತ್ತು. ಒಬ್ಬ ತಾಯಿ, ಅವಳ ತೋಳಲ್ಲಿದ್ದ ಒಂಬತ್ತು ತಿಂಗಳ ಮಗು, ಇಬ್ಬರೂ ಅಲ್ಲೇ ಸುಟ್ಟು ಸತ್ತರು. ಅಧಿಕಾರಿಗಳು ಸಸ್ಪೆಂಡ್ ಆದರು. ಹೋದ ಜೀವ ಬಂತೆ? ರಾಜಧಾನಿಯ ನಡುರಸ್ತೆಯಲ್ಲೇ ಹೀಗಾದರೆ ಯಗಟಿಯ ತೆಂಗಿನ ತೋಟದಲ್ಲಿ, ಲಿಂಗದಹಳ್ಳಿಯ ಅಡಿಕೆ ತೋಟದಲ್ಲಿ, ಶಿವನಿಯ ಹೊಲದ ಬದುವಿನಲ್ಲಿ ಬಿದ್ದ ತಂತಿಯನ್ನು ನೋಡುವವರು ಯಾರು?

ಒಣ ನೆಲದ ಮೇಲೆ ತಂತಿ ಬಿದ್ದಾಗ ಭೂಮಿಗೆ ಹರಿಯುವ ಕರೆಂಟ್ ಕಡಿಮೆ ಇರುತ್ತದೆ. ಹಾಗಾಗಿ ಎಷ್ಟೋ ಸಲ ಫೀಡರ್ ಟ್ರಿಪ್ಪೇ ಆಗುವುದಿಲ್ಲ. ಟ್ರಿಪ್ ಆದರೂ ಮತ್ತೆ ಚಾರ್ಜ್ ಮಾಡಿ ನೋಡುತ್ತಾರೆ. ಈಗ ಸತ್ತಂತೆ ಬಿದ್ದಿರುವ ತಂತಿ ಇನ್ನೊಂದು ನಿಮಿಷಕ್ಕೆ ಹಾವಾಗಬಹುದು. ಆದ್ದರಿಂದ ಕಡಿದ ತಂತಿ ಕಂಡರೆ ಕನಿಷ್ಠ 30 ಅಡಿ ದೂರ ನಿಲ್ಲಿ. ಮಕ್ಕಳನ್ನು, ದನಕರುಗಳನ್ನು ತಡೆಯಿರಿ. ತಂತಿಬೇಲಿ, ನೀರು ನಿಂತ ಜಾಗ ಮುಟ್ಟಬೇಡಿ. ಹತ್ತಿರ ಸಿಕ್ಕಿಕೊಂಡಿದ್ದರೆ ದೊಡ್ಡ ಹೆಜ್ಜೆ ಹಾಕಬೇಡಿ. ಎರಡೂ ಪಾದ ಜೋಡಿಸಿಕೊಂಡು, ನೆಲ ಬಿಡದೆ, ಸರಿಯುತ್ತಾ ಹೊರಗೆ ಬನ್ನಿ. ಯಾರಾದರೂ ಶಾಕಿಗೆ ಸಿಕ್ಕಿದ್ದರೆ ಕೈ ಹಿಡಿದು ಎಳೆಯಬೇಡಿ, ಒಂದು ಹೆಣ ಎರಡಾಗುತ್ತದೆ. ಮೊದಲು 1912ಕ್ಕೆ ಹೇಳಿ ಲೈನ್ ಆಫ್ ಮಾಡಿಸಿ, 112ಕ್ಕೂ ಫೋನ್ ಮಾಡಿ.

ಇನ್ನು ನಮ್ಮೂರ ಶೂರರ ವಿಷಯ. ಫ್ಯೂಸ್ ಹೋಯಿತೆಂದರೆ ಬಡಿಗೆ ಹಿಡಿದು ಟಿಸಿಗೆ ತಾವೇ ಫ್ಯೂಸ್ ಹಾಕುವ ವೀರರು ಊರೂರಿಗೂ ಇದ್ದಾರೆ. ಇದು ಶೌರ್ಯವಲ್ಲ, ಹೆಂಡತಿ ಮಕ್ಕಳಿಗೆ ಮಾಡುವ ಮೋಸ. ಅಡಿಕೆ ಕೊಯ್ಲಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ ನಿಜ, ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಲೈನಿನ ಹತ್ತಿರ ಅದನ್ನು ಎತ್ತಲೇಬೇಡಿ. ಜನರೇಟರ್ ಇಟ್ಟಿರುವ ಪ್ರೆಸ್ಸು, ಹಿಟ್ಟಿನ ಗಿರಣಿ, ಚೌಲ್ಟ್ರಿಯವರಿಗೂ ಒಂದು ಮಾತು. ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಚ್ಚಿದರೆ ನಿಮ್ಮ ಕರೆಂಟ್ ಹಿಂದಕ್ಕೆ ಹರಿದು, ಟಿಸಿಯ ಮೂಲಕ 11 ಸಾವಿರ ವೋಲ್ಟಾಗಿ ಲೈನಿಗೆ ಏರುತ್ತದೆ. ಕಂಬದ ಮೇಲಿರುವ ಲೈನ್‌ಮನ್ನೂ ಒಂದು ಮನೆಯ ಮಗ!

ದೂರು ಕೊಡುವುದು ಹೇಗೆ? ಬೆಸ್ಕಾಂ, ಮೆಸ್ಕಾಂ ಎಲ್ಲಕ್ಕೂ ನಂಬರು ಒಂದೇ, 1912. ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂಗೆ ಸೇರಿದ್ದು. ಬೆಂಗಳೂರಿನಲ್ಲಿ ಕೂತು ಊರಿನ ಪರವಾಗಿ ಫೋನ್ ಮಾಡುವವರು ಇದನ್ನು ಮೊದಲೇ ಹೇಳಿ. ಊರಿನ ಸೆಕ್ಷನ್ ಆಫೀಸಿನ ನಂಬರನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ. ಬಿಲ್ಲಿನಲ್ಲಿರುವ ಆರ್.ಆರ್. ನಂಬರನ್ನು ಮೀಟರ್ ಬೋರ್ಡಿನ ಪಕ್ಕ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಅದರ ಫೋಟೋ ನಿಮ್ಮ ಹತ್ತಿರವೂ ಇರಲಿ. ಪ್ರೆಸ್ಸಿನಲ್ಲಿ ಒಂದಕ್ಷರ ತಪ್ಪಿದರೆ ಮದುವೆ ಕಾರ್ಡ್ ವಾಪಸ್ ಬರುತ್ತದೆ. ದೂರಿನಲ್ಲಿ ವಿಳಾಸ ತಪ್ಪಿದರೆ ಲೈನ್‌ಮನ್ ಬೇರೆ ಊರಿಗೆ ಹೋಗುತ್ತಾನೆ. ಹೊಸಹಳ್ಳಿ ಎಂಬ ಊರು ಯಾವ ತಾಲ್ಲೂಕಿನಲ್ಲಿಲ್ಲ ಹೇಳಿ! ಅಜ್ಜಂಪುರ ಬೇರೆ ತಾಲ್ಲೂಕಾದ ಮೇಲೂ ಹಳೇ ಕಾಗದಗಳಲ್ಲಿ ತರೀಕೆರೆ ಎಂದೇ ಇದೆ. ಅದಕ್ಕೇ ಊರು, ಹೋಬಳಿ, ತಾಲ್ಲೂಕು ಮೂರನ್ನೂ ಹೇಳಿ. ದೂರದಿಂದಲೇ ಕಾಣುವಂತಿದ್ದರೆ ಟಿಸಿ ನಂಬರು ಹೇಳಿ. ಒಂದೇ ಮನೆಗೋ, ಇಡೀ ಬೀದಿಗೋ, ತಂತಿ ಬಿದ್ದಿದೆಯೋ, ಕಿಡಿ ಹಾರುತ್ತಿದೆಯೋ, ಬಿಡಿಸಿ ಹೇಳಿ. ದೂರಿನ ನಂಬರು ಪಡೆಯದೆ ಫೋನ್ ಇಡಬೇಡಿ.

ಆ ನಂಬರು ಬರೀ ಅಂಕಿ ಅಲ್ಲ, ನಿಮ್ಮ ಹಕ್ಕಿನ ರಸೀದಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲೇ ಗಡುವು ಗೊತ್ತುಮಾಡಿತು: ಫ್ಯೂಸ್ ಹೋದರೆ ಪಟ್ಟಣದಲ್ಲಿ 6 ಗಂಟೆ, ಹಳ್ಳಿಯಲ್ಲಿ 24 ಗಂಟೆ. ಟಿಸಿ ಕೆಟ್ಟರೆ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ. ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಂದು ತಂದ ಗ್ರಾಹಕರ ಹಕ್ಕುಗಳ ನಿಯಮವೂ ಇದೆ. ಹಗಲು ರಾತ್ರಿ ದೂರು ಕೇಳುವ ಕೇಂದ್ರ ಇರಬೇಕು, ಸೇವೆ ತಪ್ಪಿದರೆ ಪರಿಹಾರ ಕೊಡಬೇಕು ಎನ್ನುತ್ತದೆ ಅದು. ಆದರೆ ದೂರೇ ಇಲ್ಲದಿದ್ದರೆ ಗಡುವು ಯಾವಾಗ ಶುರುವಾಯಿತು ಎಂದು ಯಾವ ಬಾಯಲ್ಲಿ ಕೇಳುತ್ತೀರಿ?

ಕೊನೆಗೆ ಭಾಷೆಯ ಮಾತು. ಎಲ್‌ಸಿ, ಡಿಟಿಸಿ, ಫೀಡರ್ ಟ್ರಿಪ್... ಇವು ಆಫೀಸಿನ ಭಾಷೆ. ಸಿಂಗಟಗೆರೆಯ ಅಜ್ಜಿಗೆ ಬೇಕಾದ್ದು 'ಲೈನ್ ಕೆಲಸ ನಡೆದಿದೆ, ಸಂಜೆ 5ಕ್ಕೆ ಕರೆಂಟ್ ಬರುತ್ತದೆ' ಎಂಬ ಒಂದು ಸಾಲು. ಕ್ಯಾಲಿಫೋರ್ನಿಯಾದ ಪಿಜಿ ಅಂಡ್ ಇ ಕಂಪನಿ ತನ್ನ ಗ್ರಾಹಕರಿಗೆ ಸ್ಪ್ಯಾನಿಷ್, ಚೀನೀ ಭಾಷೆಯಲ್ಲೂ ಮಾಹಿತಿ ಕೊಡುತ್ತದೆ. ವಲಸೆ ಹೋದವರ ಭಾಷೆಗೆ ಅಲ್ಲಿ ಅಷ್ಟು ಮರ್ಯಾದೆ. 1963ರಲ್ಲೇ ರಾಜಭಾಷೆಯಾದ ಕನ್ನಡಕ್ಕೆ ಅದರ ಸ್ವಂತ ಮನೆಯಲ್ಲಿ ಎಷ್ಟಿರಬೇಕು? ನಕ್ಷೆ ಬರಲಿ, ಆ್ಯಪ್ ಬರಲಿ, ಮೆಸೇಜ್ ಬರಲಿ, ಊರ ಹೆಸರು ಕನ್ನಡದಲ್ಲಿ, ನಾವು ಕರೆಯುವ ಹಾಗೆ ಇರಬೇಕು. ಫೋನ್ ಎತ್ತಿದವರು ಕನ್ನಡದಲ್ಲೇ ಮಾತಾಡಬೇಕು, ಮೆಸೇಜ್ ಕನ್ನಡದಲ್ಲೇ ಬರಬೇಕು. ಇದು ಭಿಕ್ಷೆಯಲ್ಲ. ತಿಂಗಳು ತಿಂಗಳು ಬಿಲ್ ಕಟ್ಟುವವರ ಹಕ್ಕು.

ಲೈನ್‌ಮನ್ನಿಗೆ ಬೈಯುವುದು ಹೋರಾಟವಲ್ಲ ಗೆಳೆಯರೇ. ಇದೇ ಭಾನುವಾರ ಊರಿಗೆ ಹೋಗಿ. ಮೀಟರ್ ಪಕ್ಕ ಆರ್.ಆರ್. ನಂಬರು ಅಂಟಿಸಿ, ಅಮ್ಮನಿಗೆ 1912 ಕಲಿಸಿ, ತಂತಿ ಮುಟ್ಟಬೇಡಿ ಎಂದು ಅಪ್ಪನಿಗೆ ಕೈಮುಗಿದು ಹೇಳಿ. ಕತ್ತಲೆಯಾದಾಗ ಮೊದಲ ದೂರು ನಿಮ್ಮದಾಗಲಿ, ಅದೂ ಕನ್ನಡದಲ್ಲೇ ಆಗಲಿ!